ಏಳು ಫೈಲು, ಏಳೂ ಅರ್ಧ: ಮಂಡಿಯ ಲೆಕ್ಕ ಮರಳಿ ಸಿಗುತ್ತದೆಯೇ?

ಪ್ರಶ್ನೆ: ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಂಡಿಯೊಂದರಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಒಂದು ಸರ್ವರ್, ಅದಕ್ಕೆ ಜೋಡಿಸಿದ ಮೂರು ಬಿಲ್ಲಿಂಗ್ ಕಂಪ್ಯೂಟರುಗಳಿವೆ. ಸಾಫ್ಟ್‌ವೇರಿನ ಡೇಟಾ ಮೈಎಸ್‌ಕ್ಯುಎಲ್ 5.7 ಎಂಬ ಡೇಟಾಬೇಸಿನಲ್ಲಿದೆ. ದಿನವೂ ರಾತ್ರಿ ಹನ್ನೊಂದಕ್ಕೆ, ಸರ್ವರಿಗೆ ಸಿಕ್ಕಿಸಿಯೇ ಇಟ್ಟಿರುವ 32 ಜಿಬಿ ಪೆನ್‌ಡ್ರೈವಿಗೆ ಬ್ಯಾಕಪ್ ಆಗುತ್ತದೆ. ವಾರದ ದಿನಕ್ಕೊಂದರಂತೆ ಏಳು ಫೈಲು. ಕಪ್ಪು ಕಿಟಕಿಯಲ್ಲಿ ‘ಬ್ಯಾಕಪ್ ಸಕ್ಸಸ್‌ಫುಲ್’ ಎಂದು ಬರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಜೂನ್ ಎರಡನೇ ವಾರ ಗುಡುಗು ಮಳೆಯ ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಏಳಲಿಲ್ಲ. ಸಾಫ್ಟ್‌ವೇರಿನವರು ಹೊಸ ಕಂಪ್ಯೂಟರಿಗೆ ಬ್ಯಾಕಪ್ ಹಾಕಿದರು. ರೈತರ ಹೆಸರು, ಲಾಟು, ಬಿಲ್ಲು ಎಲ್ಲ ಬಂದಿವೆ. ಯಾರಿಗೆ ಎಷ್ಟು ಹಣ ಕೊಟ್ಟಿದ್ದೇವೆ ಎಂಬ ಪೇಮೆಂಟ್ ವಿವರವೂ ಹೊರರಾಜ್ಯದ ಖರೀದಿದಾರರ ಬಾಕಿಯೂ ಪೂರ್ತಿ ಖಾಲಿ. ಲಾಗಿನ್ ಕೂಡ ಆಗಲಿಲ್ಲ, ಹೊಸ ಯೂಸರ್ ಮಾಡಿಕೊಟ್ಟರು. ಏಳೂ ಫೈಲು ಹಾಕಿ ನೋಡಿದ್ದಾಯಿತು, ಏಳರಲ್ಲೂ ಅದೇ ಕಥೆ. ಪ್ರತಿಯೊಂದೂ 3.99 ಜಿಬಿ ಇದೆ, ಪೆನ್‌ಡ್ರೈವಿನಲ್ಲಿ ಇನ್ನೂ ಜಾಗವಿದೆ. ಹಳೆಯ ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಸದ್ದೇನೂ ಇಲ್ಲ, ಆದರೆ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತದೆ. ಬೆಂಗಳೂರಿನ ಒಬ್ಬರು 80 ಸಾವಿರ ಕೊಟ್ಟರೆ ಗ್ಯಾರಂಟಿ ತೆಗೆದುಕೊಡುತ್ತೇವೆ ಎನ್ನುತ್ತಾರೆ. ಸೀಸನ್ ನಡೆಯುತ್ತಿದೆ. ‘ನನಗೆ ದುಡ್ಡು ಬಂದಿಲ್ಲ’ ಎಂದು ದಿನವೂ ನಾಲ್ಕು ಜನ ಬರುತ್ತಿದ್ದಾರೆ. ಯಜಮಾನರು ನನ್ನ ಮುಖ ನೋಡುತ್ತಾರೆ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಾದರೂ ಅದರೊಳಗೆ ಎರಡು ಇವೆ. ಪೇಮೆಂಟ್ ವಿವರ ಸಿಗುತ್ತದೆಯೇ ಎಂಬುದು ಒಂದು. ಇದು ನನ್ನ ತಪ್ಪೇ ಎಂಬುದು ಇನ್ನೊಂದು. ಅದನ್ನು ನೀವು ಬರೆದಿಲ್ಲ, ಆದರೆ ಯಜಮಾನರು ಮುಖ ನೋಡುವ ಮಾತಿನಲ್ಲಿ ಅದು ಕಾಣುತ್ತದೆ. ಮೊದಲನೆಯದಕ್ಕೆ ನನ್ನ ಅಂದಾಜು: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಪೆನ್‌ಡ್ರೈವಿನಿಂದ ಅಲ್ಲ. ಎರಡನೆಯದಕ್ಕೆ ಉತ್ತರ ಮುಂದೆ ತಾನಾಗಿ ಬರುತ್ತದೆ.

ಮಿಕ್ಕದ್ದನ್ನು ಓದುವ ಮೊದಲು ಎರಡು ಕೆಲಸ ಮಾಡಿ. ಹಳೆಯ ಹಾರ್ಡ್‌ಡಿಸ್ಕನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸಿದ್ದರೂ ಆ ಕಂಪ್ಯೂಟರನ್ನು ಆರಿಸಿ, ಡಿಸ್ಕನ್ನು ಬಿಚ್ಚಿ, ಬೀರುವಿನಲ್ಲಿಡಿ. ಎರಡನೆಯದಾಗಿ, ಹೊಸ ಕಂಪ್ಯೂಟರಿನಲ್ಲಿ ಪೇಮೆಂಟ್ ನಮೂದಿಸುವುದನ್ನು ಇವತ್ತೇ ನಿಲ್ಲಿಸಿ. ಕಾರಣ ಹೇಳುತ್ತೇನೆ. ಪೇಮೆಂಟುಗಳನ್ನು ಸಾಲು ಸಾಲಾಗಿ ಬರೆದಿಡುವ ಟೇಬಲ್ ಖಾಲಿ ಇರುವುದರಿಂದ ಹೊಸ ಪೇಮೆಂಟುಗಳಿಗೆ ಕ್ರಮಸಂಖ್ಯೆ ಒಂದರಿಂದ ಶುರುವಾಗುತ್ತದೆ. ನಾಳೆ ಹಳೆಯ ಪೇಮೆಂಟುಗಳು ಸಿಕ್ಕಿದರೆ ಅವೂ ಒಂದರಿಂದಲೇ ಶುರುವಾಗಿರುತ್ತವೆ. ಒಂದೇ ಸಂಖ್ಯೆಯ ಎರಡು ಚೀಟಿಗಳನ್ನು ಒಂದೇ ಕಟ್ಟಿನಲ್ಲಿ ಹಾಕಿದಂತೆ ಆಗುತ್ತದೆ, ಬಿಡಿಸುವುದಕ್ಕೆ ವಾರಗಟ್ಟಲೆ ಬೇಕು. ಮಂಡಿ ನಿಲ್ಲಿಸಲು ಆಗುವುದಿಲ್ಲ, ನನಗೆ ಗೊತ್ತು. ಹೊಸ ಬಿಲ್ಲುಗಳು ನಡೆಯಲಿ; ಅವುಗಳ ಸಂಖ್ಯೆಯೂ ಬ್ಯಾಕಪ್ ತೆಗೆದ ಹೊತ್ತಿನಿಂದ ಮುಂದುವರಿದಿರುತ್ತದೆ, ಆ ರಾತ್ರಿಯ ನಂತರ ಮುದ್ರಿಸಿದ ಬಿಲ್ಲುಗಳೇನಾದರೂ ಇದ್ದರೆ ಪಕ್ಕಕ್ಕೆ ಎತ್ತಿಡಿ. ಹಣ ಕೊಟ್ಟದ್ದನ್ನು ಸದ್ಯಕ್ಕೆ ಒಂದು ಪುಸ್ತಕದಲ್ಲಿ ಸಹಿ ಹಾಕಿಸಿ ಬರೆಯಿರಿ. ಪುಸ್ತಕ ಬೇಡ ಎಂದರೆ, ಪೇಮೆಂಟ್ ಸಂಖ್ಯೆ ಹತ್ತು ಲಕ್ಷದಿಂದ ಆರಂಭವಾಗುವಂತೆ ಮಾಡಿಕೊಡಿ ಎಂದು ಸಾಫ್ಟ್‌ವೇರಿನವರನ್ನು ಕೇಳಿ. ಐದು ನಿಮಿಷದ ಕೆಲಸ ಅದು.

ಈಗ ಆಗಿದ್ದೇನು ಎಂದು ನೋಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಪ್ರತಿಯೊಂದೂ 3.99 ಜಿಬಿ’ ಎಂಬ ಕಡೆ. ಡೇಟಾ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಭಾನುವಾರದ ಫೈಲಿಗಿಂತ ಶನಿವಾರದ್ದು ತುಸುವಾದರೂ ದೊಡ್ಡದಿರಬೇಕು. ಏಳು ಮಕ್ಕಳು ಒಂದೇ ಎತ್ತರ ಇದ್ದಾರೆಂದರೆ ಬಾಗಿಲ ತೊಲೆ ಎಲ್ಲರ ತಲೆಗೂ ತಾಗುತ್ತಿದೆ ಎಂದು ಅರ್ಥ. 32 ಜಿಬಿವರೆಗಿನ ಪೆನ್‌ಡ್ರೈವುಗಳು ಕಾರ್ಖಾನೆಯಿಂದ ಸಾಮಾನ್ಯವಾಗಿ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಬರುತ್ತವೆ. ಅದರಲ್ಲಿ ಒಂದು ಫೈಲಿನ ಗಾತ್ರವನ್ನು ಬರೆದಿಡಲು ಇರುವ ಜಾಗ 32 ಬಿಟ್ ಮಾತ್ರ. ಹಾಗಾಗಿ ಯಾವ ಫೈಲೂ 4,29,49,67,295 ಬೈಟ್ ದಾಟುವಂತಿಲ್ಲ; 4 ಜಿಬಿಗೆ ಒಂದು ಬೈಟ್ ಕಡಿಮೆ. ಡ್ರೈವಿನಲ್ಲಿ ಎಷ್ಟೇ ಜಾಗ ಖಾಲಿ ಇದ್ದರೂ ಅಷ್ಟೇ. ವಿಂಡೋಸ್ ಅದನ್ನು 3.99 ಎಂದು ತೋರಿಸುತ್ತದೆ. ನಿಮ್ಮ ಡೇಟಾ 4 ಜಿಬಿ ಒಳಗಿರುವವರೆಗೂ ಬ್ಯಾಕಪ್ ಸರಿಯಾಗಿಯೇ ಆಗುತ್ತಿತ್ತು. ಎಂದೋ ಒಂದು ರಾತ್ರಿ ಆ ಗೆರೆ ದಾಟಿತು. ಅಂದಿನಿಂದ ಪ್ರತಿ ರಾತ್ರಿ ಫೈಲು ಅಲ್ಲಿಗೇ ತುಂಡಾಗುತ್ತಿದೆ. ಏಳು ನಾಲ್ಕಲಿ ಇಪ್ಪತ್ತೆಂಟು. 32 ಜಿಬಿ ಡ್ರೈವಿನಲ್ಲಿ ಅದು ಹಿಡಿಸುತ್ತದೆ, ಒಂದಿಷ್ಟು ಜಾಗವೂ ಉಳಿಯುತ್ತದೆ. ಡ್ರೈವು ತುಂಬಿಹೋಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ತುಂಬಲಿಲ್ಲ, ಹಾಗಾಗಿ ಬರಲಿಲ್ಲ.

ಹಾಗಾದರೆ ಪೇಮೆಂಟೇ ಏಕೆ ಹೋಯಿತು? ನೀವು ಕಳುಹಿಸಿದ ಚಿತ್ರದಲ್ಲಿ ಟೇಬಲ್ಲುಗಳ ಪಟ್ಟಿ ಇದೆ: ಅಡ್ವಾನ್ಸ್, ಬಿಲ್, ಕ್ರೇಟ್, ಫಾರ್ಮರ್, ಲಾಟ್, ಪಾಸ್‌ಬುಕ್, ಪೇಮೆಂಟ್, ಟ್ರೇಡರ್, ಯೂಸರ್. ಡೇಟಾವನ್ನೆಲ್ಲ ಒಂದು ಫೈಲಿಗೆ ಸುರಿಯುವ ಮೈಎಸ್‌ಕ್ಯುಎಲ್‌ನ ಡಂಪ್ ಉಪಕರಣ ಟೇಬಲ್ಲುಗಳನ್ನು ಒಂದಾದ ಮೇಲೊಂದರಂತೆ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರೆಯುತ್ತಾ ಹೋಗುತ್ತದೆ. ಪಾಸ್‌ಬುಕ್ ಎಂಬುದರಲ್ಲಿ ರೈತರ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋಗಳಿವೆ. ಮೊಬೈಲಿನಲ್ಲಿ ತೆಗೆದ ಒಂದೊಂದು ಫೋಟೋ ಎರಡು ಮೂರು ಎಂಬಿ. ಸಾವಿರದ ಇನ್ನೂರು ರೈತರಾದರೆ ಮೂರು ಜಿಬಿ ಅಲ್ಲಿಗೇ ಆಯಿತು. ಫೈಲನ್ನು ಉಬ್ಬಿಸಿದ್ದು ಅದು, ತುಂಡಾದದ್ದೂ ಅದರ ನಡುವಿನಲ್ಲಿ. ಪಾಸ್‌ಬುಕ್ಕಿನ ಮೂರನೆಯ ಅಕ್ಷರ ಎಸ್, ಪೇಮೆಂಟಿನದ್ದು ವೈ. ಆ ಒಂದು ಅಕ್ಷರದಿಂದ ಪೇಮೆಂಟ್ ಗೆರೆಯ ಆಚೆ ಬಿತ್ತು. ಟ್ರೇಡರ್ ಕೂಡ ಆಚೆ ಬಿತ್ತು, ಅದಕ್ಕೇ ಖರೀದಿದಾರರ ಬಾಕಿ ಕಾಣುತ್ತಿಲ್ಲ. ಯೂಸರ್ ಕೂಡ ಆಚೆ, ಅದಕ್ಕೇ ಲಾಗಿನ್ ಆಗಲಿಲ್ಲ. ನಿಮಗೆ ಬೇರೆ ಬೇರೆ ಎಂದು ಕಂಡ ಮೂರು ತೊಂದರೆಗಳ ಬೇರು ಒಂದೇ. ಇದರಲ್ಲಿ ಒಂದು ಸಮಾಧಾನವೂ ಇದೆ: ಪಾಸ್‌ಬುಕ್ಕಿಗಿಂತ ಹಿಂದಿನ ಟೇಬಲ್ಲುಗಳು ಪೂರ್ತಿ ಬಂದಿವೆ ಎಂದು ಧೈರ್ಯವಾಗಿ ನಂಬಬಹುದು. ಒಂದೊಂದು ಬಿಲ್ಲನ್ನೂ ಅನುಮಾನದಿಂದ ನೋಡಬೇಕಾಗಿಲ್ಲ.

‘ಸಕ್ಸಸ್‌ಫುಲ್’ ಎಂದು ಬರುತ್ತಿತ್ತಲ್ಲ? ಬ್ಯಾಕಪ್ಪಿನ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಇಂಥ ಬ್ಯಾಚ್ ಫೈಲುಗಳನ್ನು ನಾನು ತುಮಕೂರಿನಿಂದ ಚಿಂತಾಮಣಿಯವರೆಗೆ ಎಷ್ಟೋ ಕಡೆ ತೆರೆದು ನೋಡಿದ್ದೇನೆ. ಮೊದಲ ಸಾಲು ಡಂಪ್ ತೆಗೆಯುತ್ತದೆ, ಎರಡನೆಯ ಸಾಲು ‘ಸಕ್ಸಸ್‌ಫುಲ್’ ಎಂದು ಮುದ್ರಿಸುತ್ತದೆ. ಮೊದಲ ಸಾಲು ಸೋತಿತೋ ಗೆದ್ದಿತೋ ಎಂದು ಎರಡನೆಯದು ಕೇಳುವುದೇ ಇಲ್ಲ. ಊಟ ಆಯಿತೇ ಎಂದು ನೋಡದೆ ಎಲೆ ಎತ್ತುವವರ ಹಾಗೆ. ಬರೆಯಲಾಗಲಿಲ್ಲ ಎಂಬ ದೋಷದ ಸಾಲು ಅದಕ್ಕಿಂತ ಮೇಲೆ ಬಂದಿರುತ್ತದೆ, ಆದರೆ ರಾತ್ರಿ ಹನ್ನೊಂದಕ್ಕೆ ಅದನ್ನು ಯಾರು ಓದುತ್ತಾರೆ? ಡಂಪ್ ಪೂರ್ತಿಯಾಗಿದ್ದರೆ ಫೈಲಿನ ಕಟ್ಟಕಡೆಯ ಸಾಲು ‘ಡಂಪ್ ಕಂಪ್ಲೀಟೆಡ್’ ಎಂದು ದಿನಾಂಕದೊಡನೆ ಇರುತ್ತದೆ. ನಿಮ್ಮ ಏಳರಲ್ಲೂ ಅದು ಇರುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಅಷ್ಟು ದೊಡ್ಡ ಫೈಲು ತೆರೆಯಲು ಹೋಗಬೇಡಿ, ಒದ್ದಾಡುತ್ತದೆ. ವಿಂಡೋಸಿನಲ್ಲಿ ಆದೇಶ ಬರೆಯುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಕೊನೆಯ ಸಾಲನ್ನು ಮಾತ್ರ ತೋರಿಸುವ ಆದೇಶವಿದೆ.

ತಪ್ಪು ಯಾರದ್ದು ಎಂದು ಯಜಮಾನರು ಕೇಳಿದರೆ ಗಿಟ್‌ಲ್ಯಾಬ್ ಕಥೆ ಹೇಳಿ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಕಂಪನಿ ಅದು. 2017ರ ಜನವರಿ 31ರಂದು ಅವರ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟು, ಸುಮಾರು 300 ಜಿಬಿ ಡೇಟಾಬೇಸಿನಲ್ಲಿ 4.5 ಜಿಬಿ ಉಳಿಯುವಷ್ಟರಲ್ಲಿ ನಿಲ್ಲಿಸಿದರು. ಬ್ಯಾಕಪ್ ಹುಡುಕಿದರೆ, ಡಂಪ್ ಉಪಕರಣದ ಆವೃತ್ತಿ ಡೇಟಾಬೇಸಿಗೆ ಹೊಂದದೆ ಬ್ಯಾಕಪ್ಪೇ ಆಗುತ್ತಿರಲಿಲ್ಲ. ಸೋತಿದೆ ಎಂದು ಎಚ್ಚರಿಸಬೇಕಿದ್ದ ಇಮೇಲುಗಳೂ ಯಾರಿಗೂ ತಲುಪಿರಲಿಲ್ಲ. ಐದು ವಿಧಾನ ಇಟ್ಟುಕೊಂಡಿದ್ದವರಿಗೆ ಐದೂ ಕೈಕೊಟ್ಟವು. ಕೊನೆಗೆ ಕಾಪಾಡಿದ್ದು, ಬೇರೇನೋ ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬರು ತೆಗೆದಿಟ್ಟಿದ್ದ ಒಂದು ಪ್ರತಿ. ಅವರಿಗೇ ಹೀಗಾಗಿದೆ ಎಂದರೆ ಹರಾಜಿನ ನಡುವೆ ಬಿಲ್ಲು ಹೊಡೆಯುವ ನಿಮ್ಮನ್ನು ಹಿಡಿದು ಕೇಳುವುದು ನ್ಯಾಯವಲ್ಲ. ಆ ಬ್ಯಾಚ್ ಫೈಲು ಬರೆದವರನ್ನು ಒಂದು ಮಾತು ಕೇಳಬಹುದು.

ಇನ್ನು ಹಾರ್ಡ್‌ಡಿಸ್ಕಿನ ಸುತ್ತ ಓಡಾಡುವ ಮಾತುಗಳು. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಡೇಟಾ ಹೋಗಿದೆ ಎಂದರ್ಥವಲ್ಲ; ಫೈಲುಗಳು ಎಲ್ಲಿವೆ ಎಂದು ಹೇಳುವ ಮೊದಲ ಪುಟಗಳನ್ನು ವಿಂಡೋಸಿಗೆ ಓದಲಾಗುತ್ತಿಲ್ಲ, ಅಷ್ಟೇ. ‘ಬೇಡ’ ಒತ್ತಿದ್ದೀರಿ ತಾನೇ? ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್‌ನ ಮಂಜಿನ ಖಾನೆಯಲ್ಲಿಟ್ಟರೆ ಜೀವ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಹೊರತೆಗೆದಾಗ ಒಳಗೆ ತೇವ ಕಟ್ಟುತ್ತದೆ, ಇದ್ದದ್ದೂ ಹೋಗುತ್ತದೆ. ಇವೆಲ್ಲಕ್ಕಿಂತ ಅಪಾಯದ್ದು ಚೆಕ್‌ಡಿಸ್ಕ್, ಏಕೆಂದರೆ ಅದು ವಿಂಡೋಸಿನದೇ ಉಪಕರಣ, ಒಳ್ಳೆಯದೆಂದೇ ಎಲ್ಲರೂ ನಂಬುತ್ತಾರೆ. ಅದರ ಕೆಲಸ ಡಿಸ್ಕಿನ ವ್ಯವಸ್ಥೆಯನ್ನು ನೆಟ್ಟಗೆ ಮಾಡುವುದು, ನಿಮ್ಮ ಫೈಲು ಉಳಿಸುವುದಲ್ಲ. ಈ ಕಸುಬಿಗೆ ಬಂದ ಹೊಸತರಲ್ಲಿ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಡಿಸ್ಕಿಗೆ ನಾನೇ ಅದನ್ನು ಹಚ್ಚಿ ಮನೆಗೆ ಹೋಗಿ ಮಲಗಿದೆ. ಬೆಳಿಗ್ಗೆ ಬಂದು ನೋಡಿದರೆ ಡಿಸ್ಕ್ ಚೊಕ್ಕವಾಗಿ ತೆರೆಯಿತು. ಒಳಗೆ ‘ಫೌಂಡ್’ ಎಂಬ ಫೋಲ್ಡರ್, ಅದರಲ್ಲಿ ಹೆಸರಿಲ್ಲದ ನೂರಾರು ತುಂಡುಗಳು. ಹನ್ನೊಂದು ವರ್ಷದ ಲೆಕ್ಕ. ಆ ವ್ಯಾಪಾರಿ ನನ್ನನ್ನು ಬಯ್ಯಲಿಲ್ಲ, ಕಾಫಿ ತರಿಸಿದರು. ಇವತ್ತಿಗೂ ಯಾರದೇ ಡಿಸ್ಕ್ ಬಂದರೂ ನಾನು ಮೊದಲು ನೆನೆಸಿಕೊಳ್ಳುವುದು ಆ ಕಾಫಿಯನ್ನು.

ನಿಮ್ಮ ಮುಂದಿರುವ ಮೊದಲ ದಾರಿ ಆ ಹಳೆಯ ಡಿಸ್ಕೇ. ಅದರಲ್ಲಿರುವುದು ಕರೆಂಟು ಹೋದ ಆ ಗಳಿಗೆಯವರೆಗಿನ ಪೂರ್ತಿ ಡೇಟಾ, ಪೆನ್‌ಡ್ರೈವಿಗಿಂತ ಹೊಸದು. ಸದ್ದಿಲ್ಲದೆ ತಿರುಗುತ್ತಿದೆ, ಕಂಪ್ಯೂಟರಿಗೆ ಕಾಣುತ್ತಿದೆ ಎಂದರೆ ಡಿಸ್ಕಿನ ಓದುವ ತಲೆ ಮತ್ತು ಮೋಟಾರು ಸದ್ಯಕ್ಕೆ ಚೆನ್ನಾಗಿವೆ, ಅಲ್ಲಲ್ಲಿ ಡೇಟಾ ಬರೆಯುವ ಕೆಲವು ಚಿಕ್ಕ ತುಣುಕುಗಳು (ಸೆಕ್ಟರುಗಳು) ಓದಲಾಗುತ್ತಿಲ್ಲ ಎಂಬುದು ನನ್ನ ಊಹೆ. ಇಂಥ ಡಿಸ್ಕಿನಿಂದ ನೇರವಾಗಿ ಫೈಲು ಎಳೆಯಬಾರದು. ವಿಂಡೋಸ್ ಬದಲು ಲಿನಕ್ಸ್‌ನಲ್ಲಿ ಕಂಪ್ಯೂಟರನ್ನು ಎಬ್ಬಿಸಿ, ಡಿಸ್ಕಿನ ಫೋಲ್ಡರುಗಳನ್ನು ತೆರೆಯದೆ, ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಅಷ್ಟೇ ದೊಡ್ಡದಾದ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ತೆಗೆಯಬೇಕು. ಉಚಿತವಾಗಿ ಸಿಗುವ ಉಪಕರಣ. ಅದು ಮೊದಲು ಸಲೀಸಾಗಿ ಸಿಗುವ ಭಾಗಗಳನ್ನೆಲ್ಲ ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂದು ಒಂದು ನಕ್ಷೆ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಒಂದು ದಿನವಾಗಬಹುದು, ಮೂರು ದಿನವೂ ಆಗಬಹುದು. ನಡುವೆ ‘ಟಕ್ ಟಕ್’ ಸದ್ದು ಶುರುವಾದರೆ ಆ ಕ್ಷಣ ನಿಲ್ಲಿಸಿ. ಅಲ್ಲಿಂದ ಮುಂದೆ ಅದು ಧೂಳಿಲ್ಲದ ಕೋಣೆಯಿರುವ ಲ್ಯಾಬಿನ ಕೆಲಸ.

ಪಡಿಯಚ್ಚು ಬಂದ ಮೇಲೆ, ಅದರಿಂದ ಮೈಎಸ್‌ಕ್ಯುಎಲ್‌ನ ಡೇಟಾ ಫೋಲ್ಡರನ್ನು ಇಡಿಯಾಗಿ ತೆಗೆಯಬೇಕು. ಪೇಮೆಂಟ್ ಎಂದು ಹೆಸರಿರುವ ಫೈಲುಗಳನ್ನು ಮಾತ್ರ ತೆಗೆದರೆ ಸಾಲದು. ಐಬಿಡೇಟಾ1 ಎಂಬ ಹೊರಗಿನ ಫೈಲೂ ಲಾಗ್ ಫೈಲುಗಳೂ ಜೊತೆಗಿದ್ದರೇ ಅವಕ್ಕೆ ಅರ್ಥ. ಬೇರೊಂದು ಕಂಪ್ಯೂಟರಿನಲ್ಲಿ ಅದೇ 5.7 ಆವೃತ್ತಿಯನ್ನು ಹಾಕಿ, ಈ ಫೋಲ್ಡರಿನ ಇನ್ನೊಂದು ನಕಲಿನ ಮೇಲೆ ಡೇಟಾಬೇಸನ್ನು ಎಬ್ಬಿಸಬೇಕು. ಸುಲಭವಾಗಿ ಎದ್ದರೆ ನಿಮ್ಮ ಪುಣ್ಯ. ಏಳದಿದ್ದರೆ, ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಇಡುವ ಇನ್ನೋಡಿಬಿ ಎಂಬ ಭಾಗದಲ್ಲಿ ಬಲವಂತದ ಚೇತರಿಕೆ ಎಂಬ ವ್ಯವಸ್ಥೆ ಇದೆ, ಒಂದರಿಂದ ಆರರವರೆಗೆ ಹಂತಗಳು. ಒಂದರಿಂದ ಶುರುಮಾಡಿ ಒಂದೊಂದೇ ಏರಬೇಕು. ನಾಲ್ಕು ಮತ್ತು ಅದರ ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು, ಅದಕ್ಕೇ ನಕಲಿನ ಮೇಲೆ ಎಂದದ್ದು. ಎದ್ದು ನಿಂತ ಕೂಡಲೇ ಮಾಡಬೇಕಾದದ್ದು ಡಂಪ್ ತೆಗೆಯುವುದು, ಅದೂ ಪೇಮೆಂಟ್ ಟೇಬಲ್ಲಿನಿಂದ ಆರಂಭಿಸಿ. ನಡುವೆ ಕೆಟ್ಟ ಪುಟ ಸಿಕ್ಕಿ ಡಂಪ್ ನಿಂತರೆ, ಕ್ರಮಸಂಖ್ಯೆಯ ಪ್ರಕಾರ ಹತ್ತು ಹತ್ತು ಸಾವಿರ ಸಾಲುಗಳನ್ನು ತೆಗೆಯುತ್ತಾ ಹೋಗಬೇಕು. ನಿಂತ ಕಡೆ ನೂರು, ಆಮೇಲೆ ಹತ್ತು. ಹೀಗೆ ಮಾಡಿದರೆ ಕೆಟ್ಟ ಪುಟದ ಸಾಲುಗಳಷ್ಟೇ ಹೋಗುತ್ತವೆ.

ನನಗೆ ಭರವಸೆ ಏಕೆ ಎಂದರೆ ಲೆಕ್ಕ ಸರಳ. ಆಲಿಕಲ್ಲು ಬಿದ್ದಾಗ ಹತ್ತು ಎಕರೆಯ ತೋಟದಲ್ಲಿ ಏಟು ಹೆಚ್ಚು, ಮನೆ ಮುಂದಿನ ತುಳಸಿಗಿಡಕ್ಕೆ ತಗಲುವುದು ಅಪರೂಪ. ಮೂರು ಜಿಬಿ ಫೋಟೋಗಳ ಮುಂದೆ ಬರೀ ಅಂಕಿ ಅಕ್ಷರಗಳ ಪೇಮೆಂಟ್ ಟೇಬಲ್ ತುಳಸಿಗಿಡದಷ್ಟು ಚಿಕ್ಕದು. ಕೆಲವು ಪಾಸ್‌ಬುಕ್ ಫೋಟೋಗಳು ಹಾಳಾಗಿದ್ದರೆ ರೈತರನ್ನು ಕೇಳಿ ಮತ್ತೆ ತೆಗೆದುಕೊಂಡರಾಯಿತು. ಡಿಸ್ಕಿನಿಂದ ಎಲ್ಲ ಟೇಬಲ್ಲುಗಳೂ ಬಂದರೆ ಪೆನ್‌ಡ್ರೈವಿನ ಪ್ರತಿಗೆ ತೇಪೆ ಹಾಕಲು ಹೋಗಬೇಡಿ. ಡಿಸ್ಕಿನದನ್ನೇ ಮೂಲವಾಗಿಟ್ಟುಕೊಂಡು, ಈ ನಡುವೆ ಬರೆದ ಹೊಸ ಬಿಲ್ಲುಗಳನ್ನು ಅದಕ್ಕೆ ಸೇರಿಸಿ.

80 ಸಾವಿರದ ವಿಚಾರ. ಡಿಸ್ಕನ್ನು ಕಣ್ಣಿಂದಲೂ ನೋಡದೆ ಗ್ಯಾರಂಟಿ ಕೊಡುವವರನ್ನು ನಾನು ನಂಬುವುದಿಲ್ಲ. ಹಾಗೆಂದು ಲ್ಯಾಬುಗಳೆಲ್ಲ ಮೋಸ ಎಂದಲ್ಲ. ಸದ್ದು ಮಾಡುವ ಡಿಸ್ಕಿಗೆ ಅವರೇ ಗತಿ. ಕೊಡುವುದಾದರೆ ಮೊದಲೇ ಮಾತಾಡಿ: ತಪಾಸಣೆಗೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು, ಡಿಸ್ಕ್ ವಾಪಸ್ ಕೊಡುತ್ತೀರಾ. ‘ಫೈಲುಗಳು ಸಿಕ್ಕಿವೆ’ ಎಂದು ಪಟ್ಟಿ ತೋರಿಸಿದರೆ ಒಪ್ಪಬೇಡಿ. ಹೆಸರು ಸಿಗುವುದು ಬೇರೆ, ಒಳಗಿನ ಸಾಲು ಸಿಗುವುದು ಬೇರೆ. ಪೇಮೆಂಟ್ ಟೇಬಲ್ಲಿನಿಂದ ನಿಮಗೆ ಬಾಯಿಪಾಠ ಇರುವ ಒಬ್ಬ ರೈತರ ಮೇ ತಿಂಗಳ ಪೇಮೆಂಟುಗಳನ್ನು ತೆಗೆದು ತೋರಿಸಲಿ, ಆಮೇಲೆ ಹಣ.

ಡಿಸ್ಕ್ ಕೈಕೊಟ್ಟರೆ? ಆಗ ಎರಡನೆಯ ದಾರಿ, ನಿಧಾನದ್ದು ಆದರೆ ಮುಚ್ಚಿಹೋಗದ್ದು. ಯೋಚಿಸಿ ನೋಡಿ: ರೈತರಿಗೆ ಎಷ್ಟು ಕೊಡಬೇಕು ಎಂಬುದು ಬಿಲ್ಲಿನಲ್ಲಿದೆ, ಬಿಲ್ಲು ನಿಮ್ಮ ಬಳಿ ಪೂರ್ತಿ ಇದೆ, ಅಡ್ವಾನ್ಸ್ ಕೂಡ ಇದೆ. ಹೋಗಿರುವುದು ಕೊಟ್ಟದ್ದರ ಲೆಕ್ಕ ಮಾತ್ರ, ಮತ್ತು ಕೊಟ್ಟ ಹಣ ಎಲ್ಲಾದರೂ ಒಂದು ಕಡೆ ಗುರುತು ಬಿಟ್ಟೇ ಇರುತ್ತದೆ. ನಿಮ್ಮ ಲೆಕ್ಕಪರಿಶೋಧಕರ ಬಳಿ ಮಾರ್ಚ್ 31ರ ಬಾಕಿ ಪಟ್ಟಿ ಇದ್ದರೆ ಒಂಬತ್ತು ವರ್ಷ ಕಟ್ಟಬೇಕಾಗಿಲ್ಲ, ಏಪ್ರಿಲ್ ಒಂದರಿಂದ ಜೂನ್ ಎರಡನೇ ವಾರದವರೆಗೆ ಸುಮಾರು ಹತ್ತು ವಾರ ಕಟ್ಟಿದರೆ ಸಾಕು. ಸಾಫ್ಟ್‌ವೇರಿನವರನ್ನೂ ಕೇಳಿ: ಆವೃತ್ತಿ ಬದಲಿಸುವಾಗ, ದೋಷ ಹುಡುಕುವಾಗ ಅವರು ಡೇಟಾಬೇಸಿನ ಪ್ರತಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋಗಿ ಅಳಿಸುವುದನ್ನು ಮರೆತಿರುತ್ತಾರೆ. ಅದು ಸರಿಯಾದ ಅಭ್ಯಾಸವಲ್ಲ, ಆದರೆ ಆ ಮರೆವು ಎಷ್ಟೋ ಅಂಗಡಿಗಳನ್ನು ಉಳಿಸಿದೆ. ಪೆನ್‌ಡ್ರೈವಿನಲ್ಲಿ ಅಳಿದ ಹಳೆಯ ಪೂರ್ತಿ ಫೈಲುಗಳನ್ನು ಹುಡುಕಿ ಪ್ರಯೋಜನವಿಲ್ಲ. ಇಪ್ಪತ್ತೆಂಟು ಜಿಬಿ ಮೇಲೆಯೇ ಬರೆದಾಗಿದೆ.

ಕಟ್ಟುವಾಗ ಬ್ಯಾಂಕಿನಿಂದ ಶುರುಮಾಡಿ. ಸ್ಟೇಟ್‌ಮೆಂಟನ್ನು ಎಕ್ಸೆಲ್ ರೂಪದಲ್ಲಿ ತೆಗೆದುಕೊಳ್ಳಿ. ಹೆಸರು ಅರ್ಧಕ್ಕೆ ಕತ್ತರಿಸಿ ಬಂದಿರುತ್ತದೆ, ನಮ್ಮ ಕಡೆ ವೆಂಕಟೇಶಪ್ಪ, ವೆಂಕಟರಮಣಪ್ಪ, ವೆಂಕಟಸ್ವಾಮಿ ಎಲ್ಲರೂ ‘ವೆಂಕಟ’ ಆಗಿಬಿಡುತ್ತಾರೆ. ಹಾಗಾಗಿ ಹೆಸರಿಗಿಂತ ಮೊತ್ತವನ್ನೂ ದಿನಾಂಕವನ್ನೂ ಬಿಲ್ಲಿಗೆ ತಾಳೆ ಹಾಕಿ. ಆಮೇಲೆ ನಗದು ವೋಚರುಗಳು. ಎರಡರಲ್ಲೂ ಸಿಗದೆ ಉಳಿದವರ ಪಟ್ಟಿ ನೀವು ಹೆದರಿದಷ್ಟು ಉದ್ದವಿರುವುದಿಲ್ಲ. ಅವರನ್ನು ಮಾತ್ರ ತಮ್ಮ ಬಳಿ ಇರುವ ಚೀಟಿ ತರಲು ಹೇಳಿ. ಬಂದವರಿಗೆಲ್ಲ ‘ಸರ್ವರ್ ಡೌನ್’ ಎಂದು ಹೇಳಿ ಕಳುಹಿಸುವ ಬದಲು, ಮಂಡಿಯ ಮುಂದೆ ಒಂದು ಹಲಗೆ ಹಾಕಿ: ಹಣ ಕೊಟ್ಟ ವಿವರ ಕಂಪ್ಯೂಟರಿನಲ್ಲಿ ಹೋಗಿದೆ, ಇಂಥ ದಿನದೊಳಗೆ ತಾಳೆ ನೋಡಿ ಹೇಳುತ್ತೇವೆ, ಚೀಟಿ ಜೋಪಾನವಾಗಿಡಿ. 15 ಕಿಲೋ ಬಾಕ್ಸಿಗೆ ಎರಡು ಸಾವಿರ ದಾಟಿದ 2023ರ ಜುಲೈಯನ್ನು ನೋಡಿದವರು ರೈತರು. ಒಂದು ಚೀಟಿಯ ಬೆಲೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅನುಮಾನವಿರುವ ಬಾಕಿಯನ್ನು ಅವಸರಕ್ಕೆ ಎರಡನೇ ಸಲ ಕೊಡಲು ಮಾತ್ರ ಹೋಗಬೇಡಿ. ತೀರಾ ಕಷ್ಟದಲ್ಲಿರುವವರಿಗೆ ಅಡ್ವಾನ್ಸ್ ಎಂದು ಬರೆದು ಕೊಡಿ. ಆ ಟೇಬಲ್ ಚೆನ್ನಾಗಿದೆ.

ಹೊಸ ಕಂಪ್ಯೂಟರಿನ ಬ್ಯಾಕಪ್ ಬಗ್ಗೆ ಎರಡೇ ಮಾತು, ಏಕೆಂದರೆ ಅದೇ ಬ್ಯಾಚ್ ಫೈಲನ್ನು ಅಲ್ಲಿಗೂ ಹಾಕಿರುತ್ತಾರೆ. 4 ಜಿಬಿಯ ಆ ಗೆರೆ ಇಲ್ಲದ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿದ ಎರಡು ಹೊರಗಿನ ಡಿಸ್ಕುಗಳನ್ನು ತನ್ನಿ, ಒಂದು ವಾರ ಇದು, ಒಂದು ವಾರ ಅದು. ಬಿಡುವಿನಲ್ಲಿರುವುದು ಯಜಮಾನರ ಮನೆಯಲ್ಲಿರಲಿ. ಸದಾ ಸಿಕ್ಕಿಸಿಯೇ ಇಟ್ಟದ್ದು ಸಿಡಿಲು ಬಡಿದರೆ ಸರ್ವರಿನ ಜೊತೆಗೇ ಹೋಗುತ್ತದೆ. ಮತ್ತು ತಿಂಗಳಿಗೊಮ್ಮೆ ಆ ಫೈಲನ್ನು ಒಂದು ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಬೇರೆ ಹೆಸರಿನ ಡೇಟಾಬೇಸಾಗಿ ಹಾಕಿಸಿ, ಒಬ್ಬ ರೈತರ ಬಾಕಿಯನ್ನು ನೀವೇ ತೆಗೆದು ನೋಡಿ.

ಡಿಸ್ಕನ್ನು ಯಾರ ಬಳಿಗೆ ಒಯ್ಯುವುದಾದರೂ ಬಸ್ಸಿನ ಪಾರ್ಸಲ್ಲಿಗೆ ಹಾಕಬೇಡಿ. ಹೊಸ ಡಿಸ್ಕ್ ಬಂದಾಗ ಅದರ ಸುತ್ತ ಇದ್ದ ಬೂದುಬಣ್ಣದ ಹೊಳೆಯುವ ಚೀಲ ಬಿಸಾಡಿರದಿದ್ದರೆ ಅದರಲ್ಲಿ ಹಾಕಿ, ಮೇಲೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ‘ಹಳೆಯ ಸರ್ವರ್, ಆನ್ ಮಾಡಬಾರದು’ ಎಂದು ಚೀಟಿ ಅಂಟಿಸಿ, ತೊಡೆಯ ಮೇಲಿಟ್ಟುಕೊಂಡು ಹೋಗಿ. ಮೈಎಸ್‌ಕ್ಯುಎಲ್‌ನ ಪಾಸ್‌ವರ್ಡ್ ಮತ್ತು ಆ ಬ್ಯಾಚ್ ಫೈಲಿನ ಒಂದು ಪ್ರತಿ ಜೊತೆಯಲ್ಲಿರಲಿ.